ಕೋಡ್ ಎಲ್ಲರಿಗೂ ಕಂಡರೆ ನಮ್ಮ ಡೇಟಾ ಕೂಡ ಕಾಣುತ್ತದೆಯೇ? ಓಪನ್ ಸೋರ್ಸ್ ಎಪಿಐ ಟೂಲ್‌ಗಳ ಒಳಗುಟ್ಟು

ಕರೆಂಟ್ ಬಿಲ್ ಕಟ್ಟಲು ಫೋನ್ ತೆಗೆಯುತ್ತೀರಿ. ಗ್ರಾಹಕ ಸಂಖ್ಯೆ ಹಾಕಿದ ಕೂಡಲೇ ನಿಮ್ಮ ಹೆಸರು, ಬಾಕಿ ಮೊತ್ತ, ಕೊನೆಯ ದಿನಾಂಕ ಪರದೆಯ ಮೇಲೆ ಬರುತ್ತವೆ. ಆ ಮಾಹಿತಿ ನಿಮ್ಮ ಫೋನಿನಲ್ಲಿ ಇರಲಿಲ್ಲ. ಆ್ಯಪ್ ಅದನ್ನು ಬೇರೆ ಕಡೆಯ ಸರ್ವರ್‌ನಿಂದ ಕೇಳಿ ತಂದಿತು. ಹೀಗೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಗೊತ್ತುಪಡಿಸಿದ ದಾರಿಗೆ ಎಪಿಐ ಎನ್ನುತ್ತಾರೆ.

ಬ್ಯಾಂಕಿನ ಕೌಂಟರ್ ನೆನಪಿಸಿಕೊಳ್ಳಿ. ಚಲನ್ ಸರಿಯಾಗಿ ತುಂಬಿ ಸಹಿ ಹಾಕಿ ಕೊಟ್ಟರೆ ಕೆಲಸ ಆಗುತ್ತದೆ. ಒಂದು ಕಾಲಂ ತಪ್ಪಿದರೂ ಚಲನ್ ವಾಪಸ್ ಬರುತ್ತದೆ. ಎಪಿಐ ಕೂಡ ಹಾಗೆಯೇ. ಇಲ್ಲಿ ಸಹಿಯ ಜಾಗದಲ್ಲಿ ಇರುವುದು ಎಪಿಐ ಕೀ ಎಂಬ ಉದ್ದನೆಯ ಗುಪ್ತ ಅಕ್ಷರಮಾಲೆ. ಅದು ಯಾರ ಕೈಗೆ ಸಿಕ್ಕರೂ ಸರ್ವರ್ ಅವರನ್ನೇ ಅಸಲಿ ಎಂದು ನಂಬುತ್ತದೆ.

ಈ ಕೀಗಳು ಎಲ್ಲಿ ಇರುತ್ತವೆ ಎಂಬ ಪ್ರಶ್ನೆ ಸಾಫ್ಟ್‌ವೇರ್ ಬರೆಯುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆ ಕೀ ತೆರೆಯುವ ಬಾಗಿಲಿನ ಆಚೆ ಇರುವುದು ನಮ್ಮ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್.

ಟೂಲ್ ಯಾಕೆ ಬೇಕು?

ಆ್ಯಪ್ ಜನರ ಕೈಗೆ ಹೋಗುವ ಮುಂಚೆ ಅದರ ಎಪಿಐ ಸರಿಯಾಗಿ ಉತ್ತರ ಕೊಡುತ್ತದೆಯೇ, ಕೊಡಬಾರದವರಿಗೆ ಮಾಹಿತಿ ಕೊಡುತ್ತಿಲ್ಲ ತಾನೇ ಎಂದು ಡೆವಲಪರ್‌ಗಳು ಪರೀಕ್ಷಿಸುತ್ತಾರೆ. ಇದನ್ನು ಕಡೆಗಣಿಸಿದರೆ ಏನಾಗುತ್ತದೆ? 2023ರ ಜನವರಿಯಲ್ಲಿ ಅಮೆರಿಕದ ಟಿ-ಮೊಬೈಲ್ ಕಂಪನಿ ಒಂದು ವಿಷಯ ಬಹಿರಂಗಪಡಿಸಿತು. ಒಂದು ಎಪಿಐ ಮೂಲಕ ಸುಮಾರು 3.7 ಕೋಟಿ ಗ್ರಾಹಕ ಖಾತೆಗಳ ಹೆಸರು, ವಿಳಾಸ, ಹುಟ್ಟಿದ ದಿನಾಂಕದಂಥ ವಿವರಗಳು ಹೊರಹೋಗಿದ್ದವು.

ಇಂಥ ಪರೀಕ್ಷೆಗೆ ಹೆಚ್ಚು ಹೆಸರಾದ ಟೂಲ್ ಪೋಸ್ಟ್‌ಮ್ಯಾನ್. ಇದು ನಮ್ಮ ಬೆಂಗಳೂರಿನಲ್ಲೇ ಬೆಳೆದದ್ದು. ಅಭಿನವ್ ಅಸ್ಥಾನಾ 2012ರಲ್ಲಿ ಇದನ್ನು ಕ್ರೋಮ್ ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಚಿಕ್ಕ ಸಾಫ್ಟ್‌ವೇರ್ ಆಗಿ ಶುರು ಮಾಡಿದರು. ಬಳಿಕ ಅದು ಜಗತ್ತಿನಾದ್ಯಂತ ಬಳಕೆಯಾಗುವ ಕಂಪನಿಯಾಯಿತು.

2023ರಲ್ಲಿ ಏನು ಬದಲಾಯಿತು?

ಆ ವರ್ಷ ಪೋಸ್ಟ್‌ಮ್ಯಾನ್ ತನ್ನ ಸ್ಕ್ರ್ಯಾಚ್ ಪ್ಯಾಡ್ ಎಂಬ ಆಫ್‌ಲೈನ್ ಸೌಲಭ್ಯವನ್ನು ಕೈಬಿಟ್ಟಿತು. ಇನ್ಸೋಮ್ನಿಯಾ ಎಂಬ ಇನ್ನೊಂದು ಟೂಲ್ ಅದೇ ವರ್ಷ ತನ್ನ 8ನೇ ಆವೃತ್ತಿಯಲ್ಲಿ ಲಾಗಿನ್ ಕಡ್ಡಾಯದತ್ತ ಹೊರಳಿತು. ಬಳಕೆದಾರರು ಸಿಟ್ಟಾದ ಮೇಲೆ ಕೆಲಸವನ್ನು ಸ್ವಂತ ಕಂಪ್ಯೂಟರ್‌ನಲ್ಲೇ ಉಳಿಸುವ ಆಯ್ಕೆಯನ್ನು ಮತ್ತೆ ಕೊಟ್ಟಿತು.

ಕ್ಲೌಡ್‌ನಿಂದ ಅನುಕೂಲ ಇಲ್ಲದೆ ಇಲ್ಲ. ತಂಡದ ಹತ್ತು ಜನ ಹತ್ತು ಊರಲ್ಲಿದ್ದರೂ ಒಂದೇ ಕೆಲಸವನ್ನು ಹಂಚಿಕೊಳ್ಳಬಹುದು. ಆದರೆ ಹಂಚುವಾಗ ಕೀ ಕೂಡ ಜೊತೆಗೆ ಹೋದರೆ ತೊಂದರೆ. 2024ರ ಡಿಸೆಂಬರ್‌ನಲ್ಲಿ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಒಂದು ವರದಿ ಕೊಟ್ಟಿತು. ಯಾರು ಬೇಕಾದರೂ ತೆರೆದು ನೋಡಬಹುದಾಗಿದ್ದ 30,000ಕ್ಕೂ ಹೆಚ್ಚು ಪೋಸ್ಟ್‌ಮ್ಯಾನ್ ವರ್ಕ್‌ಸ್ಪೇಸ್‌ಗಳಲ್ಲಿ ಎಪಿಐ ಕೀ, ಟೋಕನ್‌ನಂಥ ಗುಪ್ತ ವಿವರಗಳು ಸಿಕ್ಕವು ಎಂದಿತು. ಇಲ್ಲಿ ಗಮನಿಸಬೇಕಾದ್ದು ಇದು: ಪೋಸ್ಟ್‌ಮ್ಯಾನ್ ಸರ್ವರ್‌ಗೆ ಕನ್ನ ಹಾಕಿ ತೆಗೆದದ್ದಲ್ಲ. ಬಳಸುವವರೇ ಕೀ ಸಮೇತ ಎಲ್ಲರ ಮುಂದೆ ತೆರೆದಿಟ್ಟಿದ್ದರು.

ಬ್ರೂನೋ ಹೇಗೆ ಬೇರೆ?

ಇದೇ ಹೊತ್ತಿನಲ್ಲಿ ಅನೇಕರ ಗಮನ ಸೆಳೆದದ್ದು ಬ್ರೂನೋ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಓಪನ್ ಸೋರ್ಸ್ ಡೆಸ್ಕ್‌ಟಾಪ್ ಟೂಲ್ ಇದು. ಬಳಸಲು ಖಾತೆ ತೆರೆಯಬೇಕಿಲ್ಲ. ನೀವು ಬರೆದ ಪರೀಕ್ಷೆಗಳೆಲ್ಲ ನಿಮ್ಮ ಕಂಪ್ಯೂಟರ್‌ನ ಒಂದು ಫೋಲ್ಡರ್‌ನಲ್ಲಿ ಸಾದಾ ಪಠ್ಯ ಫೈಲ್‌ಗಳಾಗಿ ಉಳಿಯುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಓದಬಹುದು. ಕ್ಲೌಡ್ ಸಿಂಕ್ ಸೇರಿಸುವ ಯೋಚನೆಯೇ ಇಲ್ಲ ಎಂದು ತಯಾರಿಸಿದವರು ಹೇಳಿಕೊಂಡಿದ್ದಾರೆ. ತಂಡದವರಿಗೆ ಹಂಚಬೇಕಾದರೆ ಗಿಟ್ ಬಳಸುತ್ತಾರೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂದು ದಾಖಲೆ ಇಡುವ ವ್ಯವಸ್ಥೆ ಅದು.

ಇನ್ನು ಇಂಥ ಟೂಲ್‌ಗಳ ಬಗ್ಗೆ ಹರಡುವ ಮೂರು ಮಾತುಗಳನ್ನು ನೋಡೋಣ.

"ಓಪನ್ ಸೋರ್ಸ್ ಅಂದ್ರೆ ನಮ್ಮ ಡೇಟಾ ಎಲ್ಲರಿಗೂ ಕಾಣುತ್ತೆ"

ತಪ್ಪು. ಕಾಣುವುದು ಟೂಲ್‌ನ ಕೋಡ್, ನೀವು ಅದರಲ್ಲಿ ಹಾಕಿದ ಡೇಟಾ ಅಲ್ಲ. ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬ ನಕ್ಷೆ ಪೇಟೆಯಲ್ಲಿ ಸಿಕ್ಕ ಮಾತ್ರಕ್ಕೆ ನಿಮ್ಮ ಮನೆಯ ಕೀಲಿಕೈ ಸಿಕ್ಕಂತಾಗುವುದಿಲ್ಲ.

"ಓಪನ್ ಸೋರ್ಸ್ ಅಂದ್ರೆ ನೂರಕ್ಕೆ ನೂರು ಸೇಫ್"

ಇದೂ ತಪ್ಪು. ಕೋಡ್ ತೆರೆದಿದ್ದರೆ ಪರೀಕ್ಷಿಸಲು ಅವಕಾಶ ಇರುತ್ತದೆ, ಯಾರೋ ಪರೀಕ್ಷಿಸಿದ್ದಾರೆ ಎಂಬ ಗ್ಯಾರಂಟಿ ಇರುವುದಿಲ್ಲ. ಲಿನಕ್ಸ್ ಲೋಕದಲ್ಲಿ ಎಲ್ಲೆಡೆ ಬಳಕೆಯಾಗುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಯಾರೋ ಹಿಂಬಾಗಿಲು ಸೇರಿಸಿದ್ದರು. 2024ರ ಮಾರ್ಚ್‌ನಲ್ಲಿ ಅದನ್ನು ಪತ್ತೆ ಹಚ್ಚಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದೆಯಲ್ಲ ಎಂಬ ಅನುಮಾನದಿಂದ ಅವರು ಹುಡುಕಲು ಹೊರಟಿದ್ದರು. ಕೋಡ್ ತೆರೆದಿದ್ದರಿಂದ ಮೂಲದವರೆಗೆ ಹೋಗಿ ನೋಡಲು ಸಾಧ್ಯವಾಯಿತು. ಆದರೆ ಹಿಂಬಾಗಿಲು ಒಳಗೆ ನುಸುಳಿದ್ದೂ ಅದೇ ತೆರೆದ ಕೋಡ್‌ನೊಳಗೆ.

"ನನ್ನ ಕಂಪ್ಯೂಟರ್‌ನಲ್ಲೇ ಇದೆ, ಇನ್ನೇನು ಭಯ?"

ಅರ್ಧ ಸತ್ಯ. ಫೋಲ್ಡರ್ ನಿಮ್ಮಲ್ಲಿದ್ದರೆ ಜವಾಬ್ದಾರಿಯೂ ನಿಮ್ಮದೇ. ಕೀ ಬರೆದಿಟ್ಟ ಫೋಲ್ಡರ್ ಅನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಏರಿಸಿದರೆ ಕ್ಲೌಡ್‌ನಲ್ಲಿ ಸೋರಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. 2023ರ ಒಂದೇ ವರ್ಷದಲ್ಲಿ ಗಿಟ್‌ಹಬ್‌ನ ಸಾರ್ವಜನಿಕ ಕೋಡ್‌ಗೆ ಹೊಸದಾಗಿ ಸೇರಿಕೊಂಡ ಇಂಥ ಗುಪ್ತ ವಿವರಗಳು 1.28 ಕೋಟಿ ಎಂದು ಗಿಟ್‌ಗಾರ್ಡಿಯನ್ ಸಂಸ್ಥೆ ಲೆಕ್ಕ ಹಾಕಿದೆ. ಲ್ಯಾಪ್‌ಟಾಪ್ ಕಳೆದರೆ, ಅದಕ್ಕೆ ವೈರಸ್ ಹೊಕ್ಕರೆ ಇರುವ ಅಪಾಯ ಬೇರೆ.

ಹಾಗಾದರೆ ಮಾಡಬೇಕಾದ್ದೇನು?

ನೀವು ಆ್ಯಪ್ ಬಳಸುವವರಷ್ಟೇ ಆಗಿದ್ದರೆ ಈ ಟೂಲ್ ಹಾಕಿಕೊಳ್ಳುವ ಅಗತ್ಯವೇ ಇಲ್ಲ. "ಈ ಸಾಫ್ಟ್‌ವೇರ್ ಹಾಕಿದರೆ ಫೋನ್ ಹ್ಯಾಕ್ ಆಗಲ್ಲ" ಎಂಬ ಮೆಸೇಜ್ ಬಂದರೆ ಅಲ್ಲಿಗೇ ನಿಲ್ಲಿಸಿ. ಎಪಿಐ ಟೂಲ್ ಪರೀಕ್ಷೆ ಮಾಡುವ ಸಾಧನ, ಫೋನಿಗೆ ರಕ್ಷಣೆ ಕೊಡುವಂಥದ್ದಲ್ಲ.

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳೋ ಐಟಿ ಕೆಲಸದವರೋ ಇದ್ದರೆ ಈ ಮಾತುಗಳನ್ನು ತಿಳಿಸಿ:

- ಪರೀಕ್ಷೆಯ ಫೈಲ್‌ನೊಳಗೆ ಕೀಯನ್ನು ನೇರವಾಗಿ ಬರೆಯಬೇಡಿ. ಬ್ರೂನೋದಲ್ಲಿ ಗುಪ್ತ ವಿವರಗಳನ್ನು ಬೇರೆಯಾಗಿ ಇಡುವ ಸೌಲಭ್ಯ ಇದೆ. ಆ ಫೈಲ್ ಗಿಟ್‌ಗೆ ಸೇರದಂತೆ ನೋಡಿಕೊಳ್ಳಿ.
- ಅಭ್ಯಾಸಕ್ಕೆ ನಿಜವಾದ ಗ್ರಾಹಕರ ವಿವರ ಬಳಸಬೇಡಿ. ಸುಳ್ಳು ಹೆಸರು, ಸುಳ್ಳು ನಂಬರ್ ಸಾಕು.
- ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಕೀ ಕಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲೂ ಕೀ ಕಾಣದಂತೆ ನೋಡಿಕೊಳ್ಳಿ.
- ಕೀ ಸೋರಿದರೆ ಫೈಲ್ ಅಳಿಸಿ ಸುಮ್ಮನಾಗಬೇಡಿ. ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಮೊದಲು ಆ ಕೀ ರದ್ದು ಮಾಡಿ, ಹೊಸದು ಪಡೆಯಿರಿ.
- ಟೂಲ್‌ಗಳನ್ನು ಅವುಗಳ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ, ಫಾರ್ವರ್ಡ್ ಆಗಿ ಬಂದ ಲಿಂಕ್‌ನಿಂದ ಬೇಡ.

ಕಂಪನಿಗಳಿಗೂ ಇದು ಹಗುರವಾದ ವಿಷಯ ಅಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ.

ಒಟ್ಟಿನಲ್ಲಿ ಬ್ರೂನೋದಂಥ ಟೂಲ್ ಒಂದು ಅಪಾಯವನ್ನು ನಿಜಕ್ಕೂ ಕಡಿಮೆ ಮಾಡುತ್ತದೆ: ನಿಮ್ಮ ಕೆಲಸ ನಿಮಗೆ ಗೊತ್ತಿಲ್ಲದೆ ಬೇರೆಯವರ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಉಳಿದದ್ದು ಬಳಸುವವರ ಎಚ್ಚರಕ್ಕೆ ಬಿಟ್ಟದ್ದು. ಮುಂದಿನ ಸಲ "ಇದು ಸೇಫ್, ಅದು ಡೇಂಜರ್" ಎಂಬ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಕೀ ಯಾರ ಹತ್ತಿರ ಇದೆ?