ದಿನಚರಿಯಲ್ಲಿ ಬರೆಯದೆ ಬಿಟ್ಟ ಸಾಲು

ಬೋಧನಾಭ್ಯಾಸದ ಹನ್ನೊಂದನೆಯ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: "ತರಗತಿ: ಹತ್ತು. ಪಾಠ: ಬೆಳಕು, ಪ್ರತಿಫಲನ ಮತ್ತು ವಕ್ರೀಭವನ. ಉಪಘಟಕ: ಪೀನ ಮಸೂರದಿಂದ ಪ್ರತಿಬಿಂಬ ಉಂಟಾಗುವಿಕೆ. ವಿದ್ಯಾರ್ಥಿಗಳು ಸಕ್ರಿಯವಾಗಿ ಭಾಗವಹಿಸಿದರು. ಉದ್ದೇಶಗಳು ಈಡೇರಿದವು. ಸುಧಾರಣೆ: ಕಪ್ಪುಹಲಗೆಯ ಮೇಲಿನ ಅಕ್ಷರ ಇನ್ನಷ್ಟು ದೊಡ್ಡದಾಗಿರಬೇಕು." ಕೆಳಗೆ ಮಾರ್ಗದರ್ಶಿ ಶಿಕ್ಷಕಿಯ ಸಹಿ, ಪಕ್ಕದಲ್ಲಿ 'ಉತ್ತಮ' ಎಂಬ ಷರಾ.

ಆ ದಿನ ತರಗತಿಯಲ್ಲಿ ನಡೆದದ್ದು ಬೇರೆಯೇ.

ಹಲಗೆಯ ಮೇಲೆ ಕಿರಣ ರೇಖಾಚಿತ್ರ ಬರೆದಿದ್ದೆ. ವಸ್ತುವಿನ ತುದಿಯಿಂದ ಹೊರಟ ಎರಡು ಕಿರಣ, ಒಂದು ಪ್ರಧಾನಾಕ್ಷಕ್ಕೆ ಸಮಾಂತರವಾಗಿ, ಇನ್ನೊಂದು ಮಸೂರದ ಕೇಂದ್ರದ ಮೂಲಕ. ಅವು ಸೇರುವಲ್ಲಿ ತಲೆಕೆಳಗಾದ ಪ್ರತಿಬಿಂಬ. ಮುಂದಿನ ಬೆಂಚಿನ ಹುಡುಗ ಕೇಳಿದ, "ಮಿಸ್, ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದ್ರೆ?" ನಾನು ಯೋಚಿಸಲೂ ಇಲ್ಲ, "ಅರ್ಧ ಪ್ರತಿಬಿಂಬ ಬರುತ್ತೆ" ಎಂದೆ. ಮೂರನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಇಲ್ಲ ಮಿಸ್, ಪೂರ್ತಿ ಬರುತ್ತೆ. ಗೈಡಲ್ಲಿ ಹಾಗೇ ಇದೆ." ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಗೈಡ್ ನೋಡ್ಕೊಂಡು ಪಾಠ ಮಾಡೋದಾದ್ರೆ ನೀನೇ ಬಾ ಇಲ್ಲಿ, ಮಾಡು. ಸಾಕು, ಕೂತ್ಕೊ" ಎಂದುಬಿಟ್ಟೆ. ಅವಳು ಕೂತಳು. ಉಳಿದ ಇಪ್ಪತ್ತು ನಿಮಿಷ ತರಗತಿಯಲ್ಲಿ ಒಂದು ಸದ್ದಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ವೀಕ್ಷಿಸುತ್ತಿದ್ದ ಸಹ ಪ್ರಶಿಕ್ಷಣಾರ್ಥಿ ವೀಕ್ಷಣಾ ನಮೂನೆಯಲ್ಲಿ ಬರೆದದ್ದು: "ತರಗತಿ ನಿಯಂತ್ರಣ ಉತ್ತಮವಾಗಿದೆ." ಅವಳ ತಪ್ಪಲ್ಲ. ನಮೂನೆಯಲ್ಲಿ ಆ ಕಾಲಮ್ಮು ಇತ್ತು, ತರಗತಿ ಮೌನವಾಗಿತ್ತು. ಆ ಮೌನ ಎಲ್ಲಿಂದ ಬಂತು ಎಂದು ಕೇಳುವ ಕಾಲಮ್ಮು ಇರಲಿಲ್ಲ.

ರಾತ್ರಿ ಹಾಸ್ಟೆಲ್ಲಿನಲ್ಲಿ ಪುಸ್ತಕ ತೆರೆದರೆ ಆ ಪ್ರಶ್ನೆ ಪಠ್ಯಪುಸ್ತಕದಲ್ಲೇ ಇದೆ, ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ. ಪಾಠ ಯೋಜನೆ ಬರೆಯುವ ಗಡಿಬಿಡಿಯಲ್ಲಿ ನಾನು ಅಭ್ಯಾಸದವರೆಗೆ ಹೋಗಿಯೇ ಇರಲಿಲ್ಲ. ಹುಡುಗಿ ಹೇಳಿದ್ದು ಸರಿ. ವಸ್ತುವಿನ ಒಂದೊಂದು ಬಿಂದುವಿನಿಂದಲೂ ಬೆಳಕು ಮಸೂರದ ಎಲ್ಲ ಭಾಗಕ್ಕೂ ಬೀಳುತ್ತದೆ. ಅರ್ಧ ಮುಚ್ಚಿದರೂ ಉಳಿದರ್ಧ ಪೂರ್ತಿ ಪ್ರತಿಬಿಂಬವನ್ನೇ ಕೊಡುತ್ತದೆ, ಅದರ ಪ್ರಕಾಶ ಮಾತ್ರ ಕಡಿಮೆಯಾಗುತ್ತದೆ. ಹಲಗೆಯ ಮೇಲೆ ನಾವು ಎಳೆಯುವ ಎರಡು ಕಿರಣ ಚಿತ್ರದ ಅನುಕೂಲಕ್ಕಾಗಿ ಆರಿಸಿಕೊಂಡವು. ವರ್ಷಗಟ್ಟಲೆ ಎರಡೇ ಗೆರೆ ಎಳೆದೂ ಎಳೆದೂ ಬೆಳಕೆಂದರೆ ಅಷ್ಟೇ ಎಂದು ನಂಬಿಬಿಟ್ಟಿದ್ದೆ. ಇದು ನನ್ನೊಬ್ಬಳ ತಪ್ಪೇನಲ್ಲ. 1987ರಲ್ಲೇ ಗೋಲ್ಡ್‌ಬರ್ಗ್ ಮತ್ತು ಮೆಕ್‌ಡರ್ಮಟ್ ಎಂಬ ಸಂಶೋಧಕರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಇಂಥದೇ ಪ್ರಶ್ನೆ ಕೇಳಿದಾಗ, ದೃಗ್ವಿಜ್ಞಾನ ಓದಿದವರಲ್ಲೂ ಅನೇಕರು ಅರ್ಧ ಪ್ರತಿಬಿಂಬ ಮಾಯವಾಗುತ್ತದೆ ಎಂದೇ ಹೇಳಿದ್ದರು.

ಭೌತಶಾಸ್ತ್ರದ ತಪ್ಪಿಗೆ ಹೀಗೆ ಜೊತೆಗಾರರು ಸಿಕ್ಕರು. ಆ ಹುಡುಗಿಯ ಮೇಲೆ ಹರಿಹಾಯ್ದದ್ದಕ್ಕೆ ಯಾರನ್ನು ಜೊತೆಗೆ ಕರೆಯಲಿ?

ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಅವಳ ಮೇಲೇ ಸಿಟ್ಟು ಬಂತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎಲ್ಲರ ಮುಂದೆ ಹೇಳಬೇಕಿತ್ತೇ, ಗೈಡ್ ಹೆಸರು ಎತ್ತಬೇಕಿತ್ತೇ ಎಂದೆಲ್ಲ ಅಂದುಕೊಂಡೆ. ಆಮೇಲೆ ನಿಧಾನಕ್ಕೆ ಗೊತ್ತಾದದ್ದು, ತರಗತಿಯಲ್ಲಿ ನನಗೆ ಬಂದದ್ದು ಸಿಟ್ಟೇ ಅಲ್ಲ, ಭಯ. ಬಿಎಸ್ಸಿ ಮುಗಿಸಿ ಎರಡು ವರ್ಷ ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡಿ ಬಂದವಳು ನಾನು. ಓದಿದ್ದೆಲ್ಲ ಮರೆತಿದೆ, ಇವರಿಗೆ ಪಾಠ ಮಾಡುವ ಯೋಗ್ಯತೆ ನನಗಿಲ್ಲ ಎಂಬ ಹೆದರಿಕೆಯನ್ನು ಮೊದಲ ದಿನದಿಂದಲೂ ಸೆರಗಿನಲ್ಲಿ ಕಟ್ಟಿಕೊಂಡೇ ತರಗತಿಗೆ ಹೋಗುತ್ತಿದ್ದೆ. ಆ ಹುಡುಗಿ ಪಾಪ, ಗೊತ್ತಿಲ್ಲದೆ ಗಂಟು ಬಿಚ್ಚಿದಳು. ಭಯಪಟ್ಟ ಶಿಕ್ಷಕಿಗಿಂತ ಸಿಟ್ಟಿನ ಶಿಕ್ಷಕಿ ನೋಡಲು ಗಟ್ಟಿಗಳಂತೆ ಕಾಣುತ್ತಾಳಲ್ಲ, ಅದಕ್ಕೇ ಸಿಟ್ಟಿನ ವೇಷ.

ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ, ಪುನರ್ಬಲನ ಕೌಶಲ ಎಲ್ಲವನ್ನೂ ಅಭ್ಯಾಸ ಮಾಡಿದ್ದೇವೆ. "ನಗುಮುಖ, ಆತ್ಮವಿಶ್ವಾಸ" ಎಂಬುದಕ್ಕೂ ಅಂಕ ಹಾಕಿಸಿಕೊಂಡಿದ್ದೇವೆ. ಮಕ್ಕಳ ಎದುರು ಗೊತ್ತಿಲ್ಲ ಎಂದು ಹೇಳುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡಿಸಲಿಲ್ಲ. ಕೆಲಸದ ಭಾಗವಾಗಿ ಭಾವನೆಯನ್ನು ಮುಚ್ಚಿಡುವುದೂ ನಟಿಸುವುದೂ ಒಂದು ಬಗೆಯ ದುಡಿಮೆ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ಗಮನಿಸಿ ಬರೆದರು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬ್ಯಾಚಿನವರ ಮುಖಗಳು. ಪಾಠ ಮುಗಿಸಿ ಹೊರಗೆ ಬಂದು ನೀರಿನ ಟ್ಯಾಂಕಿನ ಹಿಂದೆ ಅತ್ತವರು ನಮ್ಮಲ್ಲಿ ಇಬ್ಬರಾದರೂ ಇದ್ದಾರೆ. ಅವರ ದಿನಚರಿಯಲ್ಲೂ "ಉದ್ದೇಶಗಳು ಈಡೇರಿದವು" ಎಂದೇ ಇದೆ.

ಪ್ರತಿಫಲನಾತ್ಮಕ ದಿನಚರಿ ಎಂದು ಹೆಸರಿಟ್ಟಿದ್ದೇವೆ. ವಿಜ್ಞಾನದವಳಾಗಿ ಹೇಳುವುದಾದರೆ ಅದರಲ್ಲಿ ನಡೆಯುತ್ತಿರುವುದು ವಕ್ರೀಭವನ. ತರಗತಿಯಿಂದ ದಿನಚರಿಗೆ ಬರುವಷ್ಟರಲ್ಲಿ ಎಲ್ಲವೂ ಅಂಕದ ಕಡೆಗೆ ಬಾಗಿರುತ್ತದೆ. ಗೊಂದಲದಿಂದಲೇ ಯೋಚನೆ ಹುಟ್ಟುತ್ತದೆ ಎಂದು ಜಾನ್ ಡ್ಯೂಯಿ 1910ರಲ್ಲೇ ಹೇಳಿದ್ದನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತೇವೆ. ನಮ್ಮ ಗೊಂದಲವನ್ನು ಬರೆದರೆ ಎಷ್ಟು ಅಂಕ ಹೋಗುತ್ತದೋ ಎಂದು ಹೆದರುತ್ತೇವೆ.

ಮರುದಿನ ಮಾರ್ಗದರ್ಶಿ ಶಿಕ್ಷಕಿಯ ಬಳಿ ನಡೆದದ್ದನ್ನು ಹೇಳಿದೆ, ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ಉತ್ತರ ತಿದ್ದು, ಅಷ್ಟೇ ಸಾಕು. ಸಾರಿ ಗೀರಿ ಬೇಡಮ್ಮ. ನೀನು ಇನ್ನೂ ಕೆಲವು ವಾರ ಇರ್ತೀಯ, ಆಮೇಲೆ ಹೋಗ್ತೀಯ. ತಲೆ ಮೇಲೆ ಕೂತ್ಕೊಳ್ಳೋ ಮಕ್ಕಳನ್ನ ಇಳಿಸಬೇಕಾದವಳು ನಾನು." ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅರವತ್ತಕ್ಕೂ ಹೆಚ್ಚು ಮಕ್ಕಳಿರುವ ತರಗತಿಯನ್ನು ವರ್ಷಪೂರ್ತಿ ನಡೆಸುವವರ ಕಷ್ಟ ನನಗೆ ಗೊತ್ತಿಲ್ಲ. ಆದರೂ ಇದೊಂದರಲ್ಲಿ ಅವರ ಮಾತು ಮೀರಿದೆ.

ಪ್ರಯೋಗಾಲಯದಿಂದ ಪೀನ ಮಸೂರ ತಂದು, ಎದುರಿನ ಕಿಟಕಿಯ ಸರಳುಗಳ ಪ್ರತಿಬಿಂಬವನ್ನು ಬಿಳಿ ಹಾಳೆಯ ಮೇಲೆ ಮೂಡಿಸಿದೆ. ಮಸೂರದ ಅರ್ಧಕ್ಕೆ ರಟ್ಟು ಹಿಡಿದೆ. ಕಿಟಕಿ ಪೂರ್ತಿಯಾಗಿಯೇ ಇತ್ತು, ಮಂಕಾಗಿತ್ತು. "ನಿನ್ನೆ ನಾನು ಹೇಳಿದ್ದು ತಪ್ಪು. ಸರಿಯಾಗಿ ಹೇಳಿದವಳನ್ನ ಬೈದು ಕೂರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೆ ಹೆದರಿ ಹಾಗೆ ಮಾಡಿದೆ" ಎಂದೆ. ಧ್ವನಿ ನಡುಗಿತು. ಮಕ್ಕಳು ತಲೆ ಮೇಲೆ ಕೂರಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ. ಮೊದಲು ಪ್ರಶ್ನೆ ಕೇಳಿದ್ದ ಹುಡುಗ, ಮಧ್ಯದಲ್ಲಿ ಒಂದು ಚಿಕ್ಕ ತೂತು ಮಾತ್ರ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ. ಈ ಸಲ ಮಾಡಿಯೇ ನೋಡಿದೆವು.

ಆ ಹುಡುಗಿ ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಅವಳು ನನ್ನ ತರಗತಿಯಲ್ಲಿ ಕೈ ಎತ್ತಿಲ್ಲ. ಮನಸ್ಸು ಬಿಚ್ಚಿ ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರಿಗೆ ಇದನ್ನೂ ಹೇಳಬೇಕೆನಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ಶಿಕ್ಷಕರು ತಮ್ಮ ಮನಸ್ಸಿನ ಭಾರವನ್ನೆಲ್ಲ ಮಕ್ಕಳ ಮುಂದೆ ಇಳಿಸುವುದು ಪ್ರಾಮಾಣಿಕತೆಯಲ್ಲ. ನನ್ನ ಕಚೇರಿಯ ಕಥೆ, ನಿದ್ದೆಗೆಟ್ಟ ರಾತ್ರಿ ಇವೆಲ್ಲ ಹತ್ತನೇ ತರಗತಿಗೆ ಬೇಕಿಲ್ಲ. ಅವರಿಗೆ ಸಂಬಂಧಪಟ್ಟಷ್ಟನ್ನು ಅವರಿಗೆ ಹೇಳಬೇಕು. ಉಳಿದದ್ದನ್ನು ಹೇಳಿಕೊಳ್ಳಲು ನಮಗೆ ಬೇರೆ ಜಾಗ ಬೇಕು, ನನ್ನ ತಕರಾರಿರುವುದು ಅಲ್ಲಿಯೇ. ಎನ್‌ಸಿಟಿಇ 2014ರಲ್ಲಿ ಬಿಎಡ್ ಅನ್ನು ಎರಡು ವರ್ಷಕ್ಕೆ ಹೆಚ್ಚಿಸಿ, 20 ವಾರಗಳ ಶಾಲಾ ಅನುಭವವನ್ನು ಸೇರಿಸಿತು. 'ತನ್ನನ್ನು ತಾನು ಅರಿಯುವುದು' ಎಂಬುದಕ್ಕೇ ಒಂದು ಕೋರ್ಸನ್ನೂ ಪಠ್ಯಕ್ರಮದ ಚೌಕಟ್ಟಿನಲ್ಲಿಟ್ಟಿತು. ಜಾಗವೇನೋ ಇದೆ. ಅಲ್ಲಿ ನಾವು ಮಾಡುತ್ತಿರುವುದು ಸಾಮರ್ಥ್ಯ, ದೌರ್ಬಲ್ಯ ಎಂದು ಎರಡು ಪಟ್ಟಿ ಬರೆದು, ಬಣ್ಣದ ಶೀಟಿನ ರಟ್ಟು ಹಾಕಿ ಸಲ್ಲಿಸುವುದು. ದೌರ್ಬಲ್ಯದ ಪಟ್ಟಿಯಲ್ಲಿ ನಾನು "ಅತಿಯಾದ ಪರಿಶ್ರಮ" ಎಂದು ಬರೆದಿದ್ದೆ!

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ದಿನಚರಿಯ ವಾರಕ್ಕೊಂದು ಪುಟಕ್ಕೆ ಅಂಕ ಹಾಕಬೇಡಿ, ಸಹಿಯನ್ನೂ ಮಾಡಬೇಡಿ. ಶನಿವಾರ ಅರ್ಧ ಗಂಟೆ ಕೂತು ಅದನ್ನು ಓದಿಕೊಳ್ಳೋಣ, ಓದಲು ಇಷ್ಟವಿಲ್ಲದವರು ಸುಮ್ಮನಿರಲಿ. ಮೊದಲ ಶನಿವಾರ ನಿಮ್ಮ ಸರದಿ. ನೀವು ತರಗತಿಯಲ್ಲಿ ಎಡವಿದ ಒಂದು ದಿನದ ಕಥೆ ಹೇಳಿ, ಸರ್, ಮೇಡಂ. ನಿಮ್ಮ ಮಾದರಿ ಪಾಠಗಳನ್ನು ನೋಡಿ ಬಹಳ ಕಲಿತಿದ್ದೇವೆ, ನಿಮಗೂ ಕಿವಿ ಬಿಸಿಯಾಗಿತ್ತು ಎಂಬುದೊಂದು ನಮಗೆ ಗೊತ್ತಿಲ್ಲ.

ಮುಂದಿನ ವಾರ 'ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು' ಪಾಠ. ಅಭ್ಯಾಸದ ಪ್ರಶ್ನೆಗಳನ್ನೆಲ್ಲ ಈ ಸಲ ಮೊದಲೇ ಬಿಡಿಸಿಟ್ಟುಕೊಂಡಿದ್ದೇನೆ. ಹನ್ನೊಂದನೆಯ ದಿನದ ಪುಟದಲ್ಲಿ ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ನಡೆದದ್ದನ್ನು ಬರೆದಿದ್ದೇನೆ. ದಿನಚರಿಯನ್ನು ತಿಂಗಳ ಕೊನೆಗೆ ಕಾಲೇಜಿಗೆ ಒಪ್ಪಿಸಬೇಕು.