ಬಗ್ಗೋಕೆ ಹೆದರಿದ್ದ ನಾನು

ಶೂ ಲೇಸ್ ಕಟ್ಟೋಕೂ ಅಮ್ಮನ್ನ ಕರೀಬೇಕಿತ್ತು. ಆಗ ನನಗೆ 29.

ಎಂಟು ತಿಂಗಳಿಂದ ಸೊಂಟದಿಂದ ಎಡಗಾಲಿನವರೆಗೆ ಸೆಳೆತ. ಎಂಆರ್‌ಐ ರಿಪೋರ್ಟಿನಲ್ಲಿ ‘ಎಲ್4-ಎಲ್5 ಡಿಸ್ಕ್ ಬಲ್ಜ್’ ಅಂತಿತ್ತು. ಒಬ್ಬರು ಡಾಕ್ಟರು ಆಪರೇಷನ್ ಅಂದರು. ಇನ್ನೊಬ್ಬರು ಕಾಲಿನ ಬಲ ಪರೀಕ್ಷಿಸಿ, ‘ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಇದು ಕಾಣುತ್ತೆ. ಮೊದಲು ನಡೀರಿ’ ಅಂದರು.

ನಾನೋ, ಬೆಲ್ಟ್ ಬಿಗಿದುಕೊಂಡು ಮಲಗಿದ್ದವನು! ನಿಜ ಹೇಳಬೇಕೆಂದರೆ ನೋವಿಗಿಂತ ಹೆದರಿಕೆಯೇ ಜಾಸ್ತಿಯಾಗಿತ್ತು. ಫಿಸಿಯೋ ಹೇಳಿದಂತೆ ದಿನಕ್ಕೆ 10 ನಿಮಿಷ ನಡೆಯೋದರಿಂದ ಶುರು ಮಾಡಿ 40ಕ್ಕೆ ಏರಿಸಿದೆ. ಆಮೇಲೆ ಮಲಗಿ ಸೊಂಟ ಎತ್ತುವ ವ್ಯಾಯಾಮ, ಕೊನೆಗೆ 5 ಲೀಟರ್ ನೀರಿನ ಕ್ಯಾನ್ ಎತ್ತೋದು. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನಿಜವಾಗಿಯೂ ಎದ್ದು ನಿಂತವನು ನಾನೊಬ್ಬನೇ. ಮೂರನೇ ತಿಂಗಳು ನೋವು ಮತ್ತೆ ಬಂತು. ವ್ಯಾಯಾಮ ಕಡಿಮೆ ಮಾಡಿದೆ, ಬಿಡಲಿಲ್ಲ.

ಎಲ್ಲರಿಗೂ ಇದೇ ದಾರಿಯಲ್ಲ. ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೊನ್ನೆ ಅಕ್ಕನ ಮಗಳು ‘ಮಾಮ, ಎತ್ಕೋ’ ಅಂದಳು. ಬಗ್ಗಿ ಎತ್ಕೊಂಡೆ. ‘ನಿಧಾನ ಕಣೋ!’ ಅಂತ ಕೂಗಿದ್ದು ಅಮ್ಮ. ಅವರ ಹೆದರಿಕೆ ಇನ್ನೂ ಹೋಗಿಲ್ಲ.