ಡ್ಯಾಕ್ ಕೊಳ್ಳೋ ಮೊದಲು ಚಾರ್ಜರ್ ಕಿತ್ತು ನೋಡಿ

ಕಳೆದ ರಜೆಗೆ ನಾವು ಮೂವರು ರೂಮ್‌ಮೇಟ್‌ಗಳು ಲಕ್ಕಲಕಟ್ಟಿಗೆ ಹೋಗಿದ್ವಿ. ಗಜೇಂದ್ರಗಡದ ಕಡೆಯ ಆ ಹಳ್ಳಿ ನಮ್ಮಲ್ಲೊಬ್ಬನ ಊರು. ಅವರ ಮನೆಯಲ್ಲಿ ಒಂದು ಹಳೆ ಆಂಪ್ಲಿಫೈಯರ್, ಎರಡು ಸ್ಪೀಕರ್ ಇವೆ. ಅಜ್ಜನಿಗೆ ಭೀಮಸೇನ ಜೋಶಿ ಅಂದ್ರೆ ಪ್ರಾಣ. ಇರದೆ ಏನು, ಜೋಶಿಯವರು 1922ರಲ್ಲಿ ಹುಟ್ಟಿದ್ದು ಇದೇ ಸೀಮೆಯ ರೋಣದಲ್ಲಿ! ಆದ್ರೆ ಲ್ಯಾಪ್‌ಟಾಪ್‌ನಿಂದ ಹಾಡು ಹಚ್ಚಿದ್ರೆ ಹಿಂದೆ ಒಂದೇ ಸಮನೆ ಗುಂಯ್ ಅನ್ನೋ ಸದ್ದು. "ತಂಬೂರಿ ಯಾವ್ದು, ಈ ಗುಂಯ್ ಯಾವ್ದು ತಿಳೀವಲ್ದಲ್ಲೋ ತಮ್ಮಾ" ಅಂದ್ರು ಅಜ್ಜ.

ಗೆಳೆಯ ಅಷ್ಟರಲ್ಲೇ 12 ಸಾವಿರದ ಡ್ಯಾಕ್ ಒಂದನ್ನು ಕಾರ್ಟ್‌ಗೆ ಹಾಕಿದ್ದ. ಡ್ಯಾಕ್ ಅಂದ್ರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಹಾಡಿನ ಅಂಕಿಗಳನ್ನು ವೋಲ್ಟೇಜ್ ಮಾಡೋ ಚಿಪ್ಪು. ಅವನ ಕೈಲಿದ್ದದ್ದು ಸ್ಕಾಲರ್‌ಶಿಪ್ ದುಡ್ಡು.

ನಾವು ಮಾಡಿದ್ದು ಇಷ್ಟೇ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆವು. ಸದ್ದು ನಿಂತಿತು. ತಪ್ಪು ಡ್ಯಾಕ್‌ನದಲ್ಲ, ಚಾರ್ಜರ್‌ನಿಂದ ಕೇಬಲ್ಲಿನ ಗ್ರೌಂಡ್ ತಂತಿಗೆ ನುಗ್ಗುತ್ತಿದ್ದ ಕರೆಂಟಿನದು. ಯುಎಸ್‌ಬಿ ಡ್ಯಾಕ್ ತಂದಿದ್ದರೂ ಅದು ಅದೇ ಗ್ರೌಂಡ್ ಹಂಚಿಕೊಳ್ತಿತ್ತು. 12 ಸಾವಿರ ಕೊಟ್ಟು ಅದೇ ಗುಂಯ್ ಕೇಳಬೇಕಾಗ್ತಿತ್ತೇನೋ.

ನಮ್ಮ ಅಭಿಪ್ರಾಯ ಸ್ಪಷ್ಟ. ಫೋನು, ಲ್ಯಾಪ್‌ಟಾಪ್‌ಗಳ ಒಳಗೇ ಡ್ಯಾಕ್ ಇರುತ್ತೆ. ಬೇರೆಯದು ಬೇಕಾಗೋದು ಮೂರು ಸಂದರ್ಭದಲ್ಲಿ: ಫೋನಿಗೆ 3.5 ಮಿ.ಮೀ. ಜ್ಯಾಕ್ ಇಲ್ಲದಿದ್ದಾಗ, ಬ್ಯಾಟರಿ ಮೇಲೆ ನಡೆಸಿದರೂ ಸದ್ದು ಬಂದಾಗ, ಟಿವಿಯಲ್ಲಿ ಆಪ್ಟಿಕಲ್ ಔಟ್ ಮಾತ್ರ ಇದ್ದಾಗ.

ಡಬ್ಬಿ ಮೇಲಿನ "32 ಬಿಟ್, 768 ಕಿಲೋಹರ್ಟ್ಜ್" ನೋಡಿ ಮರುಳಾಗಬೇಡಿ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್. ಸಿಡಿಯ 16 ಬಿಟ್ಟಿಗೇ 96 ಆಯ್ತು. 44.1 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್ 22.05 ಕಿಲೋಹರ್ಟ್ಜ್ ತನಕ ಹಿಡಿಯುತ್ತೆ, ನಮ್ಮ ಕಿವಿ 20ಕ್ಕೇ ಮುಗೀತು. ಹಳೆ ಟೇಪಿನ ಧ್ವನಿಮುದ್ರಣದಲ್ಲಂತೂ ಟೇಪಿನ ಸುಯ್ ಸದ್ದೇ 16 ಬಿಟ್ಟಿನ ಮಿತಿಗಿಂತ ಎಷ್ಟೋ ಮೇಲಿರುತ್ತೆ.

ಹಾಗಾದ್ರೆ ಯಾವ್ದು ತಗೋಬೇಕು? ಸಾವಿರದ ಆಸುಪಾಸಿನ ಒಳ್ಳೆ ಯುಎಸ್‌ಬಿ-ಸಿ ಡಾಂಗಲ್ ಸಾಕು. ಸೋಲ್ಡರಿಂಗ್ ಹುಚ್ಚು ಇರೋರು ಪಿಸಿಎಂ5102ಎ ಚಿಪ್ಪಿನ ಬೋರ್ಡನ್ನು ರಾಸ್ಪ್‌ಬೆರಿ ಪೈಗೆ ಹಚ್ಚಿ. ಡೇಟಾಶೀಟ್ ಪ್ರಕಾರ 112 ಡೆಸಿಬೆಲ್, 2.1 ವೋಲ್ಟ್ ಔಟ್‌ಪುಟ್. ಮನೆಯ ಆಂಪ್ಲಿಫೈಯರಿಗೆ ಧಾರಾಳ.

"ದುಬಾರಿಯದರ ಸೌಂಡೇ ಬೇರೆ" ಅನ್ನೋರಿಗೆ ಒಂದು ಸವಾಲು. 100 ಹರ್ಟ್ಜ್ ಟೋನ್ ಹಾಕಿ, ಮಲ್ಟಿಮೀಟರ್‌ನ ಎಸಿ ರೇಂಜಿನಲ್ಲಿ ಎರಡೂ ಡ್ಯಾಕ್‌ಗಳ ವೋಲ್ಟೇಜ್ ಸಮ ಮಾಡ್ಕೊಳ್ಳಿ. ಯಾಕಂದ್ರೆ ಚೂರು ಜೋರಿದ್ದದ್ದೇ ಕಿವಿಗೆ ಚಂದ ಅನ್ಸುತ್ತೆ. ಆಮೇಲೆ ಯಾವುದು ಓಡ್ತಿದೆ ಅಂತ ನೋಡದೆ ಹತ್ತು ಸಲ ಗುರುತಿಸಿ. ಹತ್ತಕ್ಕೆ ಒಂಬತ್ತು ಸರಿ ಬಂದ್ರೆ ಖರೀದಿ ಮಾಡಿ, ನಾವು ಬೇಡ ಅನ್ನಲ್ಲ.

ಗೆಳೆಯ ಕೊನೆಗೆ ಒಂದು ಡಾಂಗಲ್ ತಗೊಂಡ, ಹಾಡು ಈಗ ಫೋನಿನಿಂದ. ಒಂದು ಸ್ಪೀಕರಿನ ಕೋನು ಅಂಚಿನಲ್ಲಿ ಹರಿದಿತ್ತು, ಅದನ್ನೂ ರಿಪೇರಿ ಮಾಡಿಸಿದ. ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಆಗಲೇ. ಉಳಿದ ದುಡ್ಡು ಸೆಮಿಸ್ಟರ್ ಫೀಸಿಗೆ ಆಯ್ತು.

ಹಾಸ್ಟೆಲ್‌ನಲ್ಲಿ ಯಾರಾದ್ರೂ ಡ್ಯಾಕ್ ಕೊಳ್ಳೋರಿದ್ರೆ ಮೊದಲು ನಮ್ಮ ರೂಮಿಗೆ ಬರ್ರಿ. ಮಲ್ಟಿಮೀಟರ್ ನಮ್ಮದು. ನಾವು ಸೋತ್ರೆ ಚಹಾನೂ ನಮ್ಮದೇ.